ಹಲಗಲಿಯ ಲಾವಣಿ ಮತ್ತು ಫ್ಲೀಟ್ ಸಾಹೇಬರು



ಪುಸ್ತಕವನ್ನು ಓದುವುದರ ಜೊತೆಗೆ ಕೇಳುವ ರೂಢಿಯೂ ಈಗ ಬಂದಿದೆ. ನಿಮ್ಮಲ್ಲಿ ಅನೇಕರು ಹಿತ್ತಲಿನಲ್ಲಿ ಕಳೆ ಕೀಳುತ್ತ, ಗಿಡಗಳಿಗೆ ನೀರುಣಿಸುತ್ತ ಮೊಬೈಲಿನಲ್ಲಿ ಧ್ವನಿಪುಸ್ತಕ ಕೇಳುವುದುಂಟು. ಹಾಗೆ ಕೇಳುವಾಗ ನಮ್ಮ ರಾಜಕೀಯ ಅಭಿಪ್ರಾಯಕ್ಕೆ ಹೂಂಗುಟ್ಟುವವರನ್ನಷ್ಟೇ ಕೇಳಬೇಕೆ, ಅದನ್ನು ಅಲ್ಲಗಳೆಯುವವರನ್ನೂ ಕೇಳಬೇಕೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಮುಧೋಳ ತಾಲೂಕಿನ ಹಲಗಲಿಯ ಇತಿಹಾಸದಲ್ಲಿಯೇ ಅದು ಇದೆ.

1857ರಲ್ಲಿ ಉತ್ತರ ಭಾರತದ ದಂಗೆಗೆ ಬೆದರಿದ ಕಂಪನಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಿತು. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಬೇಟೆಯನ್ನೇ ನಂಬಿದ್ದ ಅಲ್ಲಿನ ಬೇಡರಿಗೆ ಆಯುಧವು ಹೊಟ್ಟೆಯ ಪ್ರಶ್ನೆಯೂ ಆಗಿತ್ತು, ಮಾನದ ಪ್ರಶ್ನೆಯೂ ಆಗಿತ್ತು. ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದಿತು, ಊರು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿಯೂ 14ರಂದು ಹಲಗಲಿಯಲ್ಲಿಯೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು.

ಸರಕಾರದ ಕಾಗದಪತ್ರಗಳಲ್ಲಿ ಇದು ಅಡಗಿಸಿದ ಒಂದು ದಂಗೆ. ಲಾವಣಿಕಾರರ ಬಾಯಲ್ಲಿ ಇದು ಹನುಮ, ಬಾಲ, ಜಡಗ, ರಾಮ ಎಂಬ ವೀರರ ಕಥೆ. ದಂಡಿನವರು ಊರಿನಿಂದ ಏನೇನು ಹೊತ್ತೊಯ್ದರೆಂಬುದನ್ನು ಲಾವಣಿ ಒಂದೊಂದಾಗಿ ಎಣಿಸುತ್ತದೆ: ಕೊಡಲಿ, ಕುಡ, ಉಪ್ಪು, ಎಣ್ಣೆ, ಬೆಲ್ಲ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು ಕೂಡ. ಯಾವ ವರದಿಗಿಂತಲೂ ಕಠೋರವಾದ ದೋಷಾರೋಪಣೆಯಿದು.

ಈ ಲಾವಣಿಯನ್ನು ಬರೆದಿಟ್ಟು ಅಚ್ಚಿಗೆ ಕೊಟ್ಟವರು ಯಾರು? ಅದೇ ಸರಕಾರದ ಅಧಿಕಾರಿಯಾಗಿದ್ದ ಜಾನ್ ಫೇಯ್ತ್‌ಫುಲ್ ಫ್ಲೀಟ್! 1867ರಲ್ಲಿ ಮುಂಬಯಿ ಪ್ರಾಂತದ ನಾಗರಿಕ ಸೇವೆಗೆ ಸೇರಿದ ಅವರು 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ತನಿಖಾಧಿಕಾರಿಗಳಾದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇನ್‌ಸ್ಪೆಕ್ಟರ್ ಸಾಹೇಬರು! 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಮುಧೋಳ, ಜಮಖಂಡಿ ಸಂಸ್ಥಾನಗಳು ಆ ಸೀಮೆಗೇ ಸೇರಿದ್ದವು. ಶಾಸನತಜ್ಞರೆಂದು ಪ್ರಸಿದ್ಧರಾದ ಅವರು ಹಲಗಲಿಯ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಫ್ಲೀಟರು ಇದರಿಂದ ಬಂಡಾಯಗಾರರ ಪಕ್ಷ ವಹಿಸಲಿಲ್ಲ. ಸರಕಾರಿ ಸೇವೆಯಲ್ಲಿಯೇ ಮುಂದುವರಿದರು. ಗೆದ್ದ ಪಕ್ಷದವರಾದ್ದರಿಂದ ಸೋತವರ ಹಾಡನ್ನು ನಿಶ್ಚಿಂತೆಯಿಂದ ಕೇಳುವ ಅನುಕೂಲವೂ ಅವರಿಗಿತ್ತು. ಆದರೂ ತಮ್ಮ ಸರಕಾರದ ಮೇಲಿನ ಆರೋಪವನ್ನು ಅವರು ಕೊನೆಯವರೆಗೆ ಕೇಳಿದರು, ಕೇಳಿದ್ದನ್ನು ಉಳಿಸಿದರು. ಮುಂದೆ ಇದೇ ಹಲಗಲಿಯ ಲಾವಣಿ ಕನ್ನಡ ಶಾಲೆಗಳ ಪಠ್ಯಪುಸ್ತಕವನ್ನೂ ಸೇರಿತು. ಕೇಳುವುದು ಬೇರೆ, ಒಪ್ಪುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ನಮ್ಮ ಹಿರಿಯರಿಗೆ ಈ ಪಾಠ ಹೊಸದೇನೂ ಆಗಿರಲಿಲ್ಲ. ಜಾತ್ರೆಗಳಲ್ಲಿ ಹರದೇಶಿ-ನಾಗೇಶಿ ಮೇಳಗಳು ಡಪ್ಪು, ತುಂತುಣಿ ಹಿಡಿದು ಎದುರುಬದುರಾಗಿ ನಿಲ್ಲುತ್ತಿದ್ದವು. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು ವಾದಿಸುತ್ತಿದ್ದರು. ಒಂದು ಪಕ್ಷದ ಪದ ಮುಗಿದೊಡನೆ ಎದ್ದುಹೋದವನಿಗೆ ಆಟ ಅರ್ಧವೇ ದಕ್ಕುತ್ತಿತ್ತು.

ಇಂದು ಹಲಗಲಿಯ ವೀರರನ್ನು ನಾವೆಲ್ಲರೂ ಗೌರವಿಸುತ್ತೇವೆ; ಗೌರವಿಸಲೇಬೇಕು. ಆದರೆ ಈಗ ಗೆದ್ದ ಪಕ್ಷ ನಮ್ಮದು. ಆದ್ದರಿಂದ ಅಂದಿನ ಅಧಿಕಾರಿಗಳ ಭಯವೇನಿತ್ತು, ಮುಧೋಳದ ಅರಸರು ಕಂಪನಿಯ ಕಡೆಗೆ ಏಕೆ ನಿಂತರು ಎಂದು ಕೇಳಿ ತಿಳಿಯುವ ಸರದಿಯೂ ನಮ್ಮದೇ. ಅದರಿಂದ ಗಲ್ಲಿಗೇರಿದವರ ಘನತೆ ಎಳ್ಳಷ್ಟೂ ಕಡಿಮೆಯಾಗದು. ಇಂದಿನ ರಾಜಕೀಯಕ್ಕೂ ಇದೇ ಮಾತು ಸಲ್ಲುತ್ತದೆ.

ಇದಕ್ಕೆ ಹಿತ್ತಲ ಕೆಲಸ ತಕ್ಕ ಸಮಯ. ಕೈ ಮಣ್ಣಾಗಿರುವಾಗ ಮೊಬೈಲನ್ನು ಮುಟ್ಟಿ ಹೇಳುವವನ ಬಾಯಿ ಮುಚ್ಚಿಸಲು ಬಾರದು. ಅವನ ಮಾತು ಮುಗಿಯುವವರೆಗೆ ಒಂದು ಮಡಿಯ ಕಳೆ ತೆಗೆಯಿರಿ. ಉತ್ತರ ಕೊಡುವುದಿದ್ದರೆ ಕೈ ತೊಳೆದುಕೊಂಡ ಮೇಲೆ ಕೊಡೋಣ.