ಗೋಡೆಯ ಮೇಲಿನ ಗೆರೆಗಳು: ಇಗ್ಬೊ ಜನರ ಸಾಲದ ಚರಿತ್ರೆ

ಈಚೆಗೆ ದಲಿತರು ಮತ್ತು ಉದ್ಯಮ ಎಂಬ ವಿಷಯದ ಮೇಲೆ ನಡೆದ ಒಂದು ವಿಚಾರ ಸಂಕಿರಣದಲ್ಲಿ ಕೂತಿದ್ದೆ. ಮಾತಾಡಿದ ಗೆಳೆಯರೊಬ್ಬರು, ಅವರೂ ನಮ್ಮವರೇ, ನೈಜೀರಿಯಾದ ಇಗ್ಬೊ ಜನರ ಉದಾಹರಣೆ ಕೊಟ್ಟರು. 'ಯುದ್ಧದಲ್ಲಿ ಸೋತು ಸುಣ್ಣವಾದ ಜನ. ಕೈಗೆ ಸಿಕ್ಕಿದ್ದು ಇಪ್ಪತ್ತೇ ಪೌಂಡು. ಅಷ್ಟರಲ್ಲೇ ಎದ್ದು ನಿಂತರು. ನಾವು ಮಾತ್ರ ಇನ್ನೂ ಸಾಲ ಮನ್ನಾ, ಸಬ್ಸಿಡಿ ಅಂತ ಅರ್ಜಿ ಹಿಡಕೊಂಡು ನಿಂತಿದೀವಿ' ಅಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಊರಿಗೆ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಯಾಕೋ ಕಸಿವಿಸಿ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಚರಿತ್ರೆ. ಅರ್ಧ ಚರಿತ್ರೆಯನ್ನು ನಮ್ಮ ಜನದ ತಲೆ ಮೇಲೆ ಹೊರಿಸಿದರೆ ಅದೂ ಒಂದು ಸಾಲವೇ ಆಗುತ್ತದೆ.

ನಮ್ಮ ತಾತ ಜೀತಕ್ಕಿದ್ದವನು. ನಮ್ಮ ದೊಡ್ಡತ್ತೆಯ ಮದುವೆಗೆಂದು ಊರ ಗೌಡರ ಹತ್ತಿರ 150 ರೂಪಾಯಿ ತಂದಿದ್ದನಂತೆ. ವರ್ಷವಿಡೀ ಗೇಯ್ದದ್ದು ಬಡ್ಡಿಗೆ ವಜಾ, ಅಸಲು ಅಸಲಾಗೇ ನಿಲ್ಲುತ್ತಿತ್ತು. ಒಂದ್ಸಲ ತಾತ ಧೈರ್ಯ ಮಾಡಿ, 'ಬುದ್ಧೀ, ನನ್ ಲೆಕ್ಕ ಎಷ್ಟಾಗದೆ?' ಅಂತ ಕೇಳಿದನಂತೆ. 'ಪುಸ್ತಕದಲ್ಲದೆ ಕಣ್ಲಾ, ನಿಂಗ್ಯಾಕೆ?' ಅಂದರಂತೆ ಗೌಡರು. 1976ರಲ್ಲಿ ಜೀತ ಪದ್ಧತಿ ರದ್ದಿಯ ಕಾನೂನು ಬಂದ ಮೇಲೆ ಅಧಿಕಾರಿಗಳು ಕೇರಿಗೆ ಬಂದು ಸಾಲ ಎಷ್ಟಿದೆ ಅಂತ ಕೇಳಿದಾಗ ತಾತ ಹೇಳಿದ್ದು ಒಂದೇ ಮಾತು: 'ಗೊತ್ತಿಲ್ಲ ಬುದ್ಧೀ, ಪುಸ್ತಕ ಗೌಡ್ರತಾವ ಅದೆ.' ಅವನ ಹೆಬ್ಬೆಟ್ಟು ಆ ಪುಸ್ತಕದಲ್ಲಿತ್ತು. ಅವನ ಕಣ್ಣು ಮಾತ್ರ ಅದರ ಒಳಗೆ ಹೋಗಿರಲಿಲ್ಲ.

ಈ ಕಥೆ ಕೇಳಿಕೊಂಡು ಬೆಳೆದ ನಾನು ಕಾಲೇಜಿನಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ಚಿನುವಾ ಅಚಿಬೆಯ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್' ಓದಿದೆ. ಅದರ ಮೊದಲ ಅಧ್ಯಾಯದಲ್ಲೇ ನಾಯಕ ಒಕೊಂಕ್ವೊನ ಅಪ್ಪ ಉನೋಕ ಬರುತ್ತಾನೆ. ಕೊಳಲು ಊದುವವನು, ಊರ ತುಂಬ ಸಾಲ ಮಾಡಿದವನು. ನೆರೆಯವನೊಬ್ಬ ಎರಡು ವರ್ಷದ ಹಿಂದೆ ಕೊಟ್ಟ 200 ಕವಡೆ ಕೇಳಲು ಬರುತ್ತಾನೆ. ಉನೋಕ ನಕ್ಕು ಗೋಡೆ ತೋರಿಸುತ್ತಾನೆ. ಅಲ್ಲಿ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳ ಐದು ಗುಂಪು. ಒಂದು ಗುಂಪು ಒಬ್ಬ ಸಾಲಗಾರನದು, ಒಂದು ಗೆರೆ ಅಂದರೆ 100 ಕವಡೆ. ದೊಡ್ಡ ಸಾಲ ಮೊದಲು ತೀರಲಿ, ನಿನ್ನದು ಆಮೇಲೆ ಅನ್ನುತ್ತಾನೆ.

ವಿಮರ್ಶಕರು ಉನೋಕನನ್ನು ಸೋಮಾರಿ ಎಂದೋ, ಕಲಾವಿದ ಎಂದೋ ಓದಿದ್ದಾರೆ. ಎರಡೂ ಸರಿಯೇ. ಆದರೆ ನನ್ನ ಕಣ್ಣು ನೆಟ್ಟದ್ದು ಆ ಗೋಡೆಯ ಮೇಲೆ. ಲೆಕ್ಕ ಇರುವುದು ಸಾಲ ಕೊಟ್ಟವನ ಪುಸ್ತಕದಲ್ಲಲ್ಲ, ಸಾಲ ತಂದವನ ಗೋಡೆಯಲ್ಲಿ! ಗೆರೆ ಎಳೆದವನೂ ಅವನೇ, ಅಳಿಸಬೇಕಾದವನೂ ಅವನೇ. ಅಕ್ಷರ ಬಾರದವನೂ ಓದಬಹುದಾದ ಲೆಕ್ಕ ಅದು. ನಮ್ಮ ತಾತನಿಗೆ ಅಂಥದೊಂದು ಗೋಡೆ ಇದ್ದಿದ್ದರೆ? ಸಾಲ ತೀರುತ್ತಿತ್ತು ಅಂತಲ್ಲ. ಎಷ್ಟು ತೀರಿಲ್ಲ ಎಂಬುದಾದರೂ ಗೊತ್ತಿರುತ್ತಿತ್ತು.

ಹಾಗಂತ ಇಗ್ಬೊ ನಾಡನ್ನು ಸ್ವರ್ಗ ಮಾಡಬೇಕಿಲ್ಲ. ಅಪ್ಪನಿಂದ ಏನೂ ಬಾರದ ಒಕೊಂಕ್ವೊ ಉಳ್ಳವನ ಹತ್ತಿರ ಗೆಣಸಿನ ಬೀಜ ತಂದು ಬೇಸಾಯ ಮಾಡಿದಾಗ ಅವನ ಪಾಲಿಗೆ ಉಳಿಯುವುದು ಬೆಳೆಯ ಮೂರರಲ್ಲಿ ಒಂದು ಪಾಲು. ಇದಕ್ಕಿಂತ ಕಠಿಣವಾದ ಒತ್ತೆಯ ಪದ್ಧತಿಯೂ ಪಶ್ಚಿಮ ಆಫ್ರಿಕಾದ ಉಳಿದ ಕಡೆಗಳಂತೆ ಇಗ್ಬೊ ನಾಡಿನಲ್ಲಿತ್ತು. ಸಾಲ ತೀರಿಸಲಾಗದವನು ತನ್ನನ್ನೋ, ಮಗನನ್ನೋ, ಮಗಳನ್ನೋ ಒತ್ತೆ ಇಡುತ್ತಿದ್ದ. ಒತ್ತೆಯಾಳು ಗೇಯ್ದದ್ದು ಬಡ್ಡಿಗೆ ಸರಿ, ಅಸಲು ಕೊಡುವತನಕ ಬಿಡುಗಡೆಯಿಲ್ಲ. ಅದೇ ಜೀತದ ಗಣಿತ. ಸಾವಿರಾರು ಮೈಲಿ ದೂರದ ಎರಡು ನಾಡು ಒಂದನ್ನೊಂದು ನೋಡದೆಯೇ ಒಂದೇ ಲೆಕ್ಕ ಕಲಿತಿದ್ದವು.

ಈ ಲೆಕ್ಕದೊಳಗಿಂದ ಎದ್ದುಬಂದ ಒಬ್ಬ ಮನುಷ್ಯನ ಕಥೆ ನಮ್ಮ ಹುಡುಗರಿಗೆ ಗೊತ್ತಿರಬೇಕು. 1821ರ ಸುಮಾರಿಗೆ ಇಗ್ಬೊ ನಾಡಿನಲ್ಲಿ ಹುಟ್ಟಿ, ಹನ್ನೆರಡರ ಆಸುಪಾಸಿನಲ್ಲಿ ಗುಲಾಮನಾಗಿ ಕಡಲತಡಿಯ ಬಾನಿ ಪಟ್ಟಣಕ್ಕೆ ಮಾರಾಟವಾದ ಹುಡುಗ. ಬಿಳಿಯರು ಅವನನ್ನು ಜಾಜಾ ಎಂದು ಕರೆದರು. ಬಾನಿಯಲ್ಲಿ ವ್ಯಾಪಾರವೆಲ್ಲ ದೊಡ್ಡ 'ಮನೆ'ಗಳ ಕೈಯಲ್ಲಿತ್ತು. ಬ್ರಿಟಿಷ್ ವರ್ತಕರು ಸರಕನ್ನು ಮುಂಗಡ ಸಾಲವಾಗಿ ಕೊಡುವುದು, ಮನೆಯವರು ಅದಕ್ಕೆ ತಾಳೆ ಎಣ್ಣೆ ತಂದು ತೀರಿಸುವುದು. ಜಾಜಾ ಇದ್ದ ಆನಾ ಪೆಪಲ್ ಮನೆಯ ಯಜಮಾನ ಸತ್ತಾಗ ಬಿಟ್ಟುಹೋದದ್ದು 10,000ದಿಂದ 15,000 ಪೌಂಡಿನಷ್ಟು ಸಾಲ. ಆ ಸಾಲಕ್ಕೆ ಹೆದರಿ ಕುಲೀನರ್ಯಾರೂ ಯಜಮಾನಿಕೆಗೆ ಮುಂದೆ ಬರಲಿಲ್ಲ. 1863ರಲ್ಲಿ ಗುಲಾಮನಾಗಿ ಬಂದಿದ್ದ ಜಾಜಾ ಆ ಹೊರೆ ಹೊತ್ತ. ಎರಡೇ ವರ್ಷದಲ್ಲಿ ಸಾಲವನ್ನೆಲ್ಲ ತೀರಿಸಿದ.

ಇಲ್ಲಿಗೆ ನಿಲ್ಲಿಸಿದರೆ ಇದು ಸಂಕಿರಣದ ಕಥೆ, ಚಪ್ಪಾಳೆಯ ಕಥೆ. ಮುಂದೇನಾಯಿತು ನೋಡಿ. ಸಾಲ ತೀರಿಸಿ ಮನೆ ಬೆಳೆಸಿದರೂ ಗುಲಾಮನಾಗಿ ಬಂದವನು ಬಾನಿಯ ಸಿಂಹಾಸನ ಏರುವಂತಿರಲಿಲ್ಲ. ಎದುರು ಮನೆಯೊಡನೆ 1869ರಲ್ಲಿ ಕಾಳಗವಾಗಿ ಜಾಜಾ ತನ್ನವರನ್ನು ಕಟ್ಟಿಕೊಂಡು ಹೊರಟು ಒಪೋಬೊ ಎಂಬ ಹೊಸ ಪಟ್ಟಣ ಕಟ್ಟಿದ. ಮಧ್ಯವರ್ತಿಗಳನ್ನು ಬಿಟ್ಟು ತಾಳೆ ಎಣ್ಣೆಯನ್ನು ನೇರ ಲಿವರ್‌ಪೂಲಿಗೆ ಕಳಿಸಿದ. ಬ್ರಿಟಿಷರಿಗೆ ತಡೆಯಲಾಗಲಿಲ್ಲ. 1887ರಲ್ಲಿ ಅವರ ಕಾನ್ಸಲ್ ಹ್ಯಾರಿ ಜಾನ್‌ಸ್ಟನ್ ಮಾತುಕತೆಗೆಂದು ಕರೆದು ಹಡಗಿನಲ್ಲಿ ಸೆರೆಹಿಡಿದ. ಅಕ್ರಾದಲ್ಲಿ ವಿಚಾರಣೆಯ ಶಾಸ್ತ್ರ ಮುಗಿಸಿ ವೆಸ್ಟ್ ಇಂಡೀಸಿನ ಸೇಂಟ್ ವಿನ್ಸೆಂಟ್ ದ್ವೀಪಕ್ಕೆ ಗಡೀಪಾರು ಮಾಡಿದರು. 1891ರಲ್ಲಿ ಊರಿಗೆ ಮರಳುವ ದಾರಿಯಲ್ಲೇ ಸತ್ತ. ಸಾಲ ಇರುವತನಕ ಅವನು ಬ್ರಿಟಿಷರಿಗೆ ಬೇಕಾದವನು. ಸಾಲ ತೀರಿಸಿ ತನ್ನ ಲೆಕ್ಕ ತಾನೇ ಬರೆದುಕೊಳ್ಳಲು ಹೊರಟಾಗ ಅಪರಾಧಿ. (ಜಾಜಾ ತಾನೂ ಗುಲಾಮರನ್ನಿಟ್ಟುಕೊಂಡಿದ್ದ ಎಂಬುದನ್ನು ಮುಚ್ಚಿಡಬೇಕಿಲ್ಲ. ನಮ್ಮ ವೀರರ ಲೆಕ್ಕವನ್ನೂ ನಾವು ಪೂರ್ತಿ ಓದಬೇಕು.)

ಒಬ್ಬೊಬ್ಬರೇ ಏರಿದರೆ ಹೀಗೆ ಕೆಡವುತ್ತಾರೆ. ಸಾಮಾನ್ಯ ಇಗ್ಬೊ ಜನ ಕಂಡುಕೊಂಡ ದಾರಿ ಒಟ್ಟಾಗಿ ಏರುವುದು. ಮೊದಲನೆಯದು ಇಸುಸು. ನಮ್ಮ ಹೆಂಗಸರು ಹಾಕುವ ಚೀಟಿಯೇ ಅದು. ಆದರೆ ಕಮಿಷನ್ ಹೊಡೆಯುವ ಚೀಟಿದಾರನಿಲ್ಲದ ಚೀಟಿ ಅಂದುಕೊಳ್ಳಿ. ಪರಸ್ಪರ ಬಲ್ಲವರು ಸಂತೆಗೆ ಸಂತೆಗೆ ಇಷ್ಟಿಷ್ಟು ಹಾಕಿ ಒಬ್ಬೊಬ್ಬರು ಒಂದೊಂದು ಸಲ ಇಡೀ ಗಂಟು ಎತ್ತಿಕೊಳ್ಳುವುದು. ಎರಡನೆಯದು ಊರ ಸಂಘಗಳು. ವಸಾಹತು ಕಾಲದಲ್ಲಿ ಪಟ್ಟಣ ಸೇರಿದವರು ತಮ್ಮ ತಮ್ಮ ಊರ ಹೆಸರಲ್ಲಿ ಸಂಘ ಕಟ್ಟಿ, ತಮಗೆ ತಾವೇ ವರಿ ಹಾಕಿಕೊಂಡು ಶಾಲೆ ಕಟ್ಟಿಸಿದರು, ಹುಡುಗರನ್ನು ಓದಲು ಕಡಲಾಚೆ ಕಳಿಸಿದರು. ಮೂರನೆಯದು ಇಗ್ಬಾ ಬೊಯಿ. ಹುಡುಗನೊಬ್ಬ ವ್ಯಾಪಾರಿಯ ಮನೆ ಸೇರಿ ಐದಾರು ಏಳು ವರ್ಷ ಸಂಬಳವಿಲ್ಲದೆ ದುಡಿಯುತ್ತಾನೆ. ಊಟ, ಬಟ್ಟೆ, ಕಸುಬು ಯಜಮಾನನದು. ಅವಧಿ ಮುಗಿದಾಗ ಯಜಮಾನ ಅವನಿಗೆ ಬಂಡವಾಳವೋ ಸರಕೋ ಕೊಟ್ಟು ಅಂಗಡಿ ಹಾಕಿಸಬೇಕು. ಹಾಗೆ ನೆಲೆಗೊಂಡವನು ಮುಂದೆ ಇನ್ನೊಬ್ಬ ಹುಡುಗನನ್ನು ಕರೆದುಕೊಳ್ಳುತ್ತಾನೆ.

ಸಂಬಳವಿಲ್ಲದ ದುಡಿಮೆ ಅಂದ ಕೂಡಲೇ ನನಗೆ ತಾತನ ನೆನಪು. ಇದೂ ಜೀತವೇ ಅಲ್ಲವೇ? ಅಲ್ಲ. ಯಾಕೆ ಅಂದರೆ ಇದಕ್ಕೆ ಕೊನೆಯಿದೆ. ಹುಡುಗನ ಬಂಧುಗಳು, ಊರವರು ಅವಧಿ ಎಣಿಸುತ್ತಿರುತ್ತಾರೆ. ಕೊಟ್ಟ ಮಾತಿಗೆ ತಪ್ಪಿದ ಯಜಮಾನ ಊರ ಮುಂದೆ ತಲೆ ತಗ್ಗಿಸಬೇಕು. ಆದರೆ ಈ ಕರಾರು ಬಹುತೇಕ ಬಾಯಿಮಾತಿನದು. ಕೊನೇ ವರ್ಷ ಕಳ್ಳತನದ ಆರೋಪ ಹೊರಿಸಿ ಬರಿಗೈಲಿ ಅಟ್ಟಿದರು ಎಂಬ ದೂರುಗಳೂ ಈ ಪದ್ಧತಿಯ ಜೊತೆಗೇ ಬಂದಿವೆ. ಎಣಿಸುವವರು ದುರ್ಬಲರಾದ ಕಡೆ ಇಗ್ಬಾ ಬೊಯಿ ಜೀತದ ಕಡೆಗೆ ಜಾರುತ್ತದೆ.

ಈಗ ಆ ಇಪ್ಪತ್ತು ಪೌಂಡಿಗೆ ಬರೋಣ. 1967ರಲ್ಲಿ ಇಗ್ಬೊ ಜನ ಹೆಚ್ಚಾಗಿದ್ದ ಪೂರ್ವ ನೈಜೀರಿಯಾ ಬಯಾಫ್ರ ಎಂಬ ಹೆಸರಲ್ಲಿ ಬೇರೆಯಾಯಿತು. ಯುದ್ಧ, ದಿಗ್ಬಂಧನ, ಹಸಿವಿನಿಂದ ಸತ್ತ ಮಕ್ಕಳು. 1970ರ ಜನವರಿಯಲ್ಲಿ ಬಯಾಫ್ರ ಶರಣಾಯಿತು. ಗೆದ್ದವರೂ ಇಲ್ಲ ಸೋತವರೂ ಇಲ್ಲ ಎಂದು ಸರ್ಕಾರ ಸಾರಿತು. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಸೋತವರಾರೆಂದು ತಿಳಿಯಿತು. ಖಾತೆಯಲ್ಲಿ ಎಷ್ಟೇ ಇರಲಿ, ಕೈಗೆ 20 ಪೌಂಡು. ಬಯಾಫ್ರದ ನೋಟು ಬರೀ ಕಾಗದ. ಪೋರ್ಟ್ ಹಾರ್ಕೋರ್ಟಿನಲ್ಲಿ ಇಗ್ಬೊಗಳು ಬಿಟ್ಟೋಡಿದ್ದ ಮನೆಗಳಿಗೆ 'ಪರಿತ್ಯಕ್ತ ಆಸ್ತಿ' ಎಂಬ ಹೆಸರು ಬಂತು. 1972ರಲ್ಲಿ ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯನ್ನರಿಗೆ ಮಾರಿಸುವ ಆಜ್ಞೆ ಹೊರಟಾಗ ಕೊಳ್ಳಲು ಇವರ ಕೈಯಲ್ಲಿ ಕಾಸಿರಲಿಲ್ಲ. ಅಂದರೆ ಆ 20 ಪೌಂಡು ಬಂಡವಾಳವಾಗಿ ಕೊಟ್ಟದ್ದಲ್ಲ, ಕಿತ್ತುಕೊಂಡ ಮೇಲೆ ಉಳಿಸಿದ್ದು. ನಮ್ಮ ಗೆಳೆಯರು ಬಿಟ್ಟ ಅರ್ಧ ಇದು.

ಅವರು ಎದ್ದದ್ದು ನಿಜ. ಒನಿಚಾದ ಸಂತೆ, ನ್ನೇವಿಯ ಮೋಟಾರು ಬಿಡಿಭಾಗಗಳ ಮಾರುಕಟ್ಟೆ, ಲಾಗೋಸಿನ ಅಲಾಬಾ ಅದಕ್ಕೆ ಸಾಕ್ಷಿ. ಆದರೆ ಎದ್ದದ್ದು 20 ಪೌಂಡಿನ ಮಹಿಮೆಯಿಂದಲ್ಲ. ಇಸುಸು, ಸಂಘ, ಇಗ್ಬಾ ಬೊಯಿ ಎಂಬ ಹಳೆಯ ಏಣಿಗಳನ್ನು ಯುದ್ಧ ಸುಡಲಾಗಲಿಲ್ಲ, ಅದಕ್ಕೆ. ಬ್ಯಾಂಕಿನ ಪುಸ್ತಕ ಅವರನ್ನು ಅಳಿಸಿದಾಗ ತಮ್ಮದೇ ಗೋಡೆ ಅವರಿಗಿತ್ತು. ನಮ್ಮ ಕೇರಿಗೆ ಅಂಥ ಗೋಡೆಯನ್ನು ಯಾರು ಬಿಟ್ಟುಕೊಟ್ಟಿದ್ದರು? ಸಂತೆಯಲ್ಲಿ ಅಂಗಡಿ ಹಾಕಿದರೆ ಮುಟ್ಟದ ಜನರ ನಡುವೆ ನಮ್ಮ ಹುಡುಗ ಯಾವ ವ್ಯಾಪಾರಿಯ ಮನೆಯಲ್ಲಿ ಕಸುಬು ಕಲಿಯಬೇಕಿತ್ತು?

ಇನ್ನೊಂದು ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಆ ಏಣಿ ಎಲ್ಲ ಇಗ್ಬೊಗಳದೂ ಆಗಿತ್ತೆ? ಅವರಲ್ಲೂ ಒಂದು ಕೇರಿ ಇತ್ತು. ಓಸು ಎಂದು ಅವರನ್ನು ಕರೆಯುತ್ತಾರೆ. ದೇವರಿಗೆ ಬಿಟ್ಟವರು, ಅವರ ಮಕ್ಕಳು ಮೊಮ್ಮಕ್ಕಳು. ಗುಡಿಯ ಹತ್ತಿರ ಬೇರೆ ವಾಸ, ತಲೆಗೂದಲು ಕತ್ತರಿಸುವಂತಿಲ್ಲ, ಹುಟ್ಟು ಸ್ವತಂತ್ರರೊಡನೆ ಮದುವೆಯಿಲ್ಲ. ಸಾಲಕ್ಕೆ ಒತ್ತೆಯಾದವನು ಅಸಲು ಕೊಟ್ಟು ಹೊರಬರಬಹುದು. ಓಸು ಏನು ಕೊಟ್ಟು ಹೊರಬರಬೇಕು? ಅಸಲೇ ಇಲ್ಲದ ಸಾಲ ಅದು.

ಅಚಿಬೆಯ 1960ರ 'ನೋ ಲಾಂಗರ್ ಅಟ್ ಈಸ್' ಈ ಗಂಟನ್ನು ಹಿಡಿದು ತೋರಿಸುತ್ತದೆ. ಊರ ಸಂಘ 800 ಪೌಂಡು ಕೂಡಿಸಿ ಓಬಿ ಎಂಬ ಹುಡುಗನನ್ನು ಇಂಗ್ಲೆಂಡಿಗೆ ಕಳಿಸುತ್ತದೆ, ಬಂದ ಮೇಲೆ ತೀರಿಸು ಅನ್ನುತ್ತದೆ. ಅವನು ಬರುತ್ತಾನೆ, ಕ್ಲಾರಾ ಎಂಬ ಓಸು ಹುಡುಗಿಯನ್ನು ಮದುವೆಯಾಗಬೇಕೆಂದಿದ್ದಾನೆ. ಕಂತಿಗೆ ನಾಲ್ಕು ತಿಂಗಳು ಗಡುವು ಕೇಳಲು ಸಂಘದ ಸಭೆಗೆ ಹೋದಾಗ ಗಡುವೇನೋ ಸಿಗುತ್ತದೆ. ಅದರ ಹಿಂದೆಯೇ ಅಧ್ಯಕ್ಷ ಆ ಹುಡುಗಿಯ ಮಾತೆತ್ತುತ್ತಾನೆ. ಓಬಿ ಸಿಟ್ಟಿಗೆದ್ದು ನಿಮ್ಮ ಗಡುವೂ ಬೇಡ ಎಂದು ಹೊರನಡೆಯುತ್ತಾನೆ. ಈ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ. ಅದುವರೆಗೆ ಏಣಿಯಾಗಿದ್ದ ಸಾಲ ಜಾತಿಯ ಮಾತು ಬಂದ ಕ್ಷಣ ಹಗ್ಗವಾಗುತ್ತದೆ. ಮುಂದೆ ಸಾಲದ ಒತ್ತಡದಲ್ಲೇ ಅವನು ಲಂಚಕ್ಕೆ ಕೈಚಾಚುತ್ತಾನೆ. ಕ್ಲಾರಾ ಕಾದಂಬರಿಯಿಂದಲೇ ಮರೆಯಾಗುತ್ತಾಳೆ. ಅವಳ ಲೆಕ್ಕವನ್ನು ಯಾರೂ ಬರೆಯಲಿಲ್ಲ.

ಆ ಬಿಟ್ಟ ಲೆಕ್ಕದ ಒಂದು ಭಾಗವನ್ನು ಇಗ್ಬೊ ಲೇಖಕಿ ಬುಚಿ ಎಮೆಚೆಟಾ 1977ರ 'ದಿ ಸ್ಲೇವ್ ಗರ್ಲ್'ನಲ್ಲಿ ಬರೆದಳು. ಅಲ್ಲಿ ಅಣ್ಣನೇ ತಂಗಿಯನ್ನು 8 ಪೌಂಡಿಗೆ ಮಾರುತ್ತಾನೆ. ಎಷ್ಟೋ ವರ್ಷದ ಮೇಲೆ ಅವಳ ಗಂಡ ಆ 8 ಪೌಂಡನ್ನು ಹಿಂದಿರುಗಿಸುತ್ತಾನೆ. ಸಾಲ ತೀರಿತು. ಬಿಡುಗಡೆ? ಒಡೆಯ ಬದಲಾದ, ಅಷ್ಟೇ.

ಪೂರ್ವ ಪ್ರಾಂತ್ಯದ ಶಾಸನಸಭೆ 1956ರಲ್ಲೇ ಓಸು ಪದ್ಧತಿಯನ್ನು ಕಾನೂನಿನಿಂದ ರದ್ದು ಮಾಡಿತು. ಓಸು ಮನೆತನದ ಎಷ್ಟೋ ಜನ ಮಿಷನರಿ ಶಾಲೆಗಳಿಗೆ ಮೊದಲು ಹೋದವರು, ಓದಿದರು, ಹಣವನ್ನೂ ಕಂಡರು. ಆದರೂ ಮದುವೆಯ ಮಾತು ಬಂದಾಗ ಮನೆತನ ವಿಚಾರಿಸುವುದು ಇಂದಿಗೂ ನಿಂತಿಲ್ಲ. ಅಧಿಕಾರದ ಮೂಲ ಆಸ್ತಿ ಒಂದೇ ಅಲ್ಲ, ಧರ್ಮವೂ ಸಾಮಾಜಿಕ ಸ್ಥಾನವೂ ಅಷ್ಟೇ ಮೂಲ ಎಂದು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಭಾರತಕ್ಕೆ. ಆ ಮಾತಿಗೆ ನೈಜರ್ ನದಿಯ ದಂಡೆಯೂ ಸಾಕ್ಷಿ ಹೇಳುತ್ತಿದೆ.

ಹಾಗಾದರೆ ಸಾಲ ತೀರಿಸುವುದು, ಸ್ವಂತ ಕಾಲ ಮೇಲೆ ನಿಲ್ಲುವುದು ಬೇಡವೇ? ಬೇಕು. ಬೇಕೇ ಬೇಕು. ಜೀತದ ಮನೆಯಿಂದ ಬಂದ ನಾನು ಬೇಡ ಅಂದರೆ ತಾತನಿಗೆ ದ್ರೋಹ. ಇಸುಸುವಿನಿಂದ ಕಲಿಯೋಣ, ನಮ್ಮ ಸಂಘಗಳಲ್ಲಿ ಹುಡುಗರಿಗೆ ಕಸುಬು ಕಲಿಸಿ ಅಂಗಡಿ ಹಾಕಿಸುವ ಕೆಲಸ ಮಾಡೋಣ. ಆದರೆ 'ಅವರು ಎದ್ದರು, ನೀವ್ಯಾಕೆ ಏಳಲಿಲ್ಲ' ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಒಂದು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂದು ಮೊದಲು ಕೇಳಿ. ಎರಡು, ಎದ್ದವರ ನಡುವೆ ಏಳಲು ಬಿಡದೆ ಉಳಿಸಿದವರು ಯಾರು ಎಂದೂ ಕೇಳಿ. ಈ ಎರಡನೆಯ ಪ್ರಶ್ನೆ ನಮಗೂ ಅನ್ವಯ. ನಮ್ಮ ಸಂಘದ ಪುಸ್ತಕದಲ್ಲಿ ನಮ್ಮ ಹೆಂಗಸರ ಹೆಸರು ಎಲ್ಲಿದೆ? ನಮಗಿಂತ ಕೆಳಗೆಂದು ನಾವೇ ದೂರವಿಟ್ಟ ಕೇರಿಯವರದು?

ಮೊನ್ನೆ ಊರಿಗೆ ಹೋದಾಗ ತಂಗಿ ಸಂಘದ ಸಾಲದ ಪಾಸ್‌ಬುಕ್ ತಂದು ಮುಂದಿಟ್ಟಳು. 'ಅಣ್ಣ, ಎಷ್ಟು ಕಂತು ಉಳದದೆ ನೋಡು' ಅಂದಳು. ಎಣಿಸಿ ಹೇಳಲು ಹೋದವನು ನಿಲ್ಲಿಸಿ, ಅವಳ ಮಗಳನ್ನು ಕರೆದು ಅವಳ ಕೈಯಲ್ಲೇ ಎಣಿಸಿದೆ. ಹನ್ನೊಂದು ಕಂತು. ಹುಡುಗಿ ಒಳಗೆ ಹೋಗಿ, ಕ್ಯಾಲೆಂಡರ್ ಪಕ್ಕದ ಗೋಡೆಗೆ ಹನ್ನೊಂದು ಗೆರೆ ಎಳೆದಳು.