ದುಭಾಷಿಯ ಟಿಪ್ಪಣಿ

ಪರಭಾಷಾ ಪ್ರಾಂತದಲ್ಲಿ ನೆಲೆಸಿದ ಕನ್ನಡಿಗರಿಗೆ ಎರಡು ಭಾಷೆಗಳ ನಡುವೆ ನಿಂತು ಮಾತನಾಡುವ ಕಷ್ಟ ಹೊಸದಲ್ಲ. ಮದರಾಸಿನ ಕಂಪನಿ ವ್ಯಾಪಾರದ ದಿನಗಳಲ್ಲಿ ಇಂಥವನಿಗೆ ‘ದುಬಾಶಿ’ ಎಂಬ ಹೆಸರಿದ್ದಿತು. ಆತನು ದಲ್ಲಾಳಿಯೂ ಆಗಿದ್ದುದರಿಂದ ಆ ಹೆಸರಿಗೆ ಸಂಶಯದ ನೆರಳೂ ಅಂಟಿಕೊಂಡಿತು. ದಲ್ಲಾಳಿತನದ ಸೋಂಕಿಲ್ಲದ ದುಭಾಷಿಯೊಬ್ಬರ ವೃತ್ತಾಂತ ಇಲ್ಲಿ ವಿಚಾರಾರ್ಹವಾಗಿದೆ.

1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಫ್ರೆಂಚಿನೊಡನೆ ಇಂಗ್ಲಿಷಿಗೂ ಸಮಾನ ಸ್ಥಾನ ದೊರೆಯಿತು. ಮಾರ್ಚ್ 24ರಿಂದ ವಿಲ್ಸನ್, ಲಾಯ್ಡ್ ಜಾರ್ಜ್, ಕ್ಲೆಮಾನ್ಸೊ, ಒರ್ಲಾಂಡೊ ಈ ನಾಲ್ವರು ಪ್ರತ್ಯೇಕವಾಗಿ ಸಭೆ ಸೇರತೊಡಗಿದರು. ಇವರಲ್ಲಿ ಎರಡೂ ಭಾಷೆಗಳನ್ನು ಚೆನ್ನಾಗಿ ಬಲ್ಲವರು ಕ್ಲೆಮಾನ್ಸೊ ಒಬ್ಬರೇ. ಉಳಿದವರ ಪಾಲಿಗೆ ಕಿವಿಯೂ ನಾಲಗೆಯೂ ಆದವರು ಪಾಲ್ ಮಾಂತೂ. ಅವರು ವೃತ್ತಿಯಿಂದ ಚರಿತ್ರಕಾರರು. ಇಂಗ್ಲೆಂಡಿನ ಔದ್ಯೋಗಿಕ ಕ್ರಾಂತಿಯನ್ನು ಕುರಿತ ಅವರ ಗ್ರಂಥ 1906ರಲ್ಲಿಯೇ ಹೊರಬಂದಿತ್ತು.

ಭಾಷಣಕಾರನು ಮಾತು ಮುಗಿಸುವವರೆಗೆ ಮೌನವಾಗಿ ಕೇಳಿ, ಅನಂತರ ಅದನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಮರಳಿ ನುಡಿಯುವುದು ಈ ವಿದ್ಯೆಯ ಕ್ರಮ. ಸಭೆಯ ಕಾಲ ಇಮ್ಮಡಿಯಾಗುವುದು ನಿಜ. ಎದುರಾಳಿಗೆ ಉತ್ತರ ಯೋಚಿಸಲು ಬಿಡುವು ದೊರಕುವುದೂ ನಿಜ. ಪದಪದವನ್ನೂ ಬರೆದುಕೊಳ್ಳುವ ಶೀಘ್ರಲಿಪಿ ಇಲ್ಲಿ ಅಷ್ಟಾಗಿ ಒದಗದು. ಪದಗಳ ಬೆನ್ನು ಹತ್ತಿದವನಿಗೆ ವಾದದ ಎಳೆ ತಪ್ಪುತ್ತದೆ. ‘ಆದರೆ’, ‘ಆದ್ದರಿಂದ’ಗಳ ಸಂಬಂಧ, ಹೆಸರು, ಅಂಕೆ ಇವನ್ನು ಗುರುತು ಹಾಕಿಕೊಂಡು ಉಳಿದುದನ್ನು ನೆನಪಿಗೆ ಒಪ್ಪಿಸಬೇಕು. ಅಷ್ಟೇ ಅಲ್ಲ, ‘ಅವರು ಹೇಳುತ್ತಾರೆ’ ಎನ್ನದೆ ‘ನಾನು’ ಎಂದೇ ನುಡಿಯಬೇಕು. ಸ್ವಂತ ಅಭಿಪ್ರಾಯವಿದ್ದವನಿಗೆ ಇದಕ್ಕಿಂತ ಕಠಿಣವಾದ ವ್ರತವುಂಟೆ?

ಆ ಸಭೆಗಳಿಗೆ ಮೊದಲ ಕೆಲವು ವಾರ ನಿಯತ ಕಾರ್ಯದರ್ಶಿಯೇ ಇರಲಿಲ್ಲ. ಮಾಂತೂ ಮಾತ್ರ ತಮ್ಮ ಟಿಪ್ಪಣಿಗಳನ್ನು ಆಧರಿಸಿ ಹಿಂದಿನ ದಿನದ ಚರ್ಚೆಯನ್ನು ಪ್ರತಿದಿನ ಬೆಳಿಗ್ಗೆ ಫ್ರೆಂಚಿನಲ್ಲಿ ಹೇಳಿ ಬರೆಸುತ್ತಿದ್ದರು. ನೆನಪಿನ ಊರುಗೋಲಾಗಿದ್ದ ಗೀಟುಗಳು ಹೀಗೆ ಚರಿತ್ರೆಯ ಆಕರವಾದವು. ಅವು 1955ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದುವು.

ಇಲ್ಲೊಂದು ತೊಡಕಿದೆ. ಜರ್ಮನಿಯ ಗಡಿ, ಪರಿಹಾರಧನ ಮೊದಲಾದ ವಿಷಯಗಳಲ್ಲಿ ವಿಲ್ಸನ್ನರೂ ಲಾಯ್ಡ್ ಜಾರ್ಜರೂ ಇಂಗ್ಲಿಷಿನಲ್ಲಿ ಆಡಿದ ಮಾತು ಈ ಸಂಪುಟಗಳಲ್ಲಿ ಉಳಿದಿರುವುದು ಮಾಂತೂ ಅವರ ಫ್ರೆಂಚಿನಲ್ಲಿ. ಚರಿತ್ರಕಾರನು ಉದ್ಧರಿಸುವುದು ಯಾರ ಮಾತನ್ನು? ಅವರ ಪ್ರಾಮಾಣಿಕತೆಯಲ್ಲಿ ನನಗೆ ಶಂಕೆಯಿಲ್ಲ; ಆದರೆ ಅಂದಿನ ಸ್ವರ, ತಡವರಿಕೆ, ಕೊಂಕು ಇವು ಅವರ ತಿಳಿಯಾದ ವಾಕ್ಯಗಳಲ್ಲಿ ಸೋಸಿ ಹೋಗಿರಲೇಬೇಕು. 1992ರಲ್ಲಿ ಆರ್ಥರ್ ಲಿಂಕ್ ಆ ಸಂಪುಟಗಳನ್ನು ಇಂಗ್ಲಿಷಿಗೆ ತಂದರು. ಅಮೆರಿಕದ ಅಧ್ಯಕ್ಷರ ಮಾತು ಎಪ್ಪತ್ತಮೂರು ವರ್ಷಗಳ ತರುವಾಯ, ಫ್ರೆಂಚಿನ ದಾರಿಯಾಗಿ, ಮತ್ತೆ ತನ್ನ ಭಾಷೆಗೆ ಬಂದಿತು.