ಎಣ್ಣೆ ಬಾವಿಯ ಗೇಟು ಕಾಯುವವರು

ನಾನು ಇತಿಹಾಸ ಓದಿದವನಲ್ಲ. ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ 1989ರಲ್ಲಿ ಮುಂಬೈ ಬಸ್ಸು ಹತ್ತಿ ಬ್ಯಾಂಕು ಸೇರಿದವನು. ಲೆಡ್ಜರು, ವೋಚರು, ರಿಜಿಸ್ಟರು ಇವೇ ನನ್ನ ಗ್ರಂಥಗಳು. ಆದರೆ 2013ರಲ್ಲಿ ನೋಡಿದ ಒಂದು ರಿಜಿಸ್ಟರು ಇನ್ನೂ ತಲೆಯಿಂದ ಇಳಿದಿಲ್ಲ. ಅದರ ಕಥೆ ಇವತ್ತು ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾದೀತು, ಚಹಾ ಇಟ್ಟುಕೊಂಡೇ ಕೂತುಕೊಳ್ಳಿ.

ಆ ವರ್ಷ ಅಕ್ಕನ ಮಗನ ಮನೆಗೆಂದು ಹ್ಯೂಸ್ಟನ್‌ಗೆ ಹೋಗಿದ್ದೆ. ಅವನದು ಎಣ್ಣೆ ಬಾವಿಗಳಿಗೆ ಸಲಕರಣೆ ಒದಗಿಸುವ ಕೆಲಸ. "ಮಾವ, ಊರು ನೋಡಿದ್ದು ಸಾಕು, ಕಾಡು ನೋಡು ಬಾ" ಎಂದು ದಕ್ಷಿಣ ಟೆಕ್ಸಾಸಿನ ಕೊಟುಲ್ಲಾ ಕಡೆಗೆ ಕರೆದುಕೊಂಡು ಹೋದ. ಕಾಡು ಅಂದರೆ ನಮ್ಮ ಆಗುಂಬೆ ಅಂದುಕೊಳ್ಳಬೇಡಿ. ಕುರುಚಲು ಮುಳ್ಳುಗಿಡ, ಸುಣ್ಣಕಲ್ಲಿನ ಬಿಳಿ ಧೂಳಿನ ರಸ್ತೆ, ಉದ್ದಕ್ಕೂ ತಂತಿ ಬೇಲಿ. ಒಂದು ಗೇಟಿನ ಹತ್ತಿರ ಕಾರು ನಿಂತಿತು. ಹೆಲ್ಮೆಟ್ಟು, ಬೆಂಕಿ ತಡೆಯುವ ಬಟ್ಟೆ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಹಾಗಾಗಿ ನನ್ನನ್ನು ಗೇಟಿನ ಹತ್ತಿರವೇ ಇಳಿಸಿ ಅವನು ಒಳಗೆ ಹೋದ. ಬರೋಬ್ಬರಿ ಎರಡು ಗಂಟೆ ನಾನು ಆ ಗೇಟು ಕಾಯುವವರ ಅತಿಥಿ!

ಅವರು ಗಂಡ ಹೆಂಡತಿ, ಇಬ್ಬರೂ ಅರುವತ್ತೈದು ದಾಟಿದವರು. ಗೇಟಿನ ಪಕ್ಕದಲ್ಲೇ ಅವರ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ. ಒಳಗೆ ಅಡುಗೆ ಕಟ್ಟೆ, ಮಂಚ, ಬಚ್ಚಲು ಎಲ್ಲ ಇದೆ. ಹೊರಗೆ ಕಂಪನಿಯವರು ಕೊಟ್ಟ ಜನರೇಟರು, ನೀರಿನ ಟ್ಯಾಂಕು, ಕೊಳಚೆ ಟ್ಯಾಂಕು, ದೀಪದ ಕಂಬ. ರಸ್ತೆಗೆ ಅಡ್ಡಲಾಗಿ ಒಂದು ರಬ್ಬರು ಪೈಪು. ಲಾರಿಯ ಚಕ್ರ ಅದರ ಮೇಲೆ ಹತ್ತಿದರೆ ಮನೆಯೊಳಗೆ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿದರೆ ಎದ್ದು ಹೋಗಿ ಚಾಲಕನ ಹೆಸರು, ಕಂಪನಿ, ಲಾರಿ ನಂಬರು, ಬಂದ ವೇಳೆ, ಹೋದ ವೇಳೆ ಬರೆದುಕೊಳ್ಳಬೇಕು. ಬಾವಿ ಕೊರೆಯುವ ಕೆಲಸ ರಾತ್ರಿ ಹಗಲು ನಡೆಯುವುದರಿಂದ ಒಬ್ಬರಿಗೆ 12 ಗಂಟೆ, ಇನ್ನೊಬ್ಬರಿಗೆ 12 ಗಂಟೆ. "ಒಂದೇ ಮನೆಯಲ್ಲಿದ್ದೇವೆ, ಆದರೆ ಭೇಟಿಯಾಗುವುದು ಪಾಳಿ ಬದಲಾಗುವಾಗ ಮಾತ್ರ" ಎಂದು ಆ ಯಜಮಾನರು ನಕ್ಕರು.

ಕಾಡಿನ ನಡುವೆ ಗೇಟು ಕಾಯಲು ಜನ ಯಾಕೆ? ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ.

ಟೆಕ್ಸಾಸ್ ಒಂದು ಕಾಲಕ್ಕೆ ಬೇಲಿ ಇಲ್ಲದ ದನಗಳ ನಾಡು. 1874ರಲ್ಲಿ ಜೋಸೆಫ್ ಗ್ಲಿಡೆನ್ ಎಂಬವರಿಗೆ ಮುಳ್ಳುತಂತಿಯ ಪೇಟೆಂಟು ಸಿಕ್ಕಿತು. ಮುಂದಿನ ಹತ್ತು ವರ್ಷದಲ್ಲಿ ದೊಡ್ಡ ಜಮೀನುದಾರರು ಬೇಲಿ ಹಾಕುತ್ತಾ ಹೋದರು, ಕೆಲವರು ಸಾರ್ವಜನಿಕ ರಸ್ತೆಗೂ ಅಡ್ಡ ಹಾಕಿದರು. ನೀರು, ಮೇವು ತಪ್ಪಿದವರು ರಾತ್ರಿ ಬಂದು ತಂತಿ ಕತ್ತರಿಸಿದರು. 1883ರಲ್ಲಿ ಇದು ಗುಂಡು ಹಾರುವ ಜಗಳವಾಯಿತು. 1884ರಲ್ಲಿ ಕಾನೂನು ಬಂತು. ಬೇಲಿ ಕತ್ತರಿಸಿದರೆ ಘೋರ ಅಪರಾಧ. ರಸ್ತೆಗೆ ಅಡ್ಡ ಬೇಲಿ ಹಾಕಿದವನು ಮೂರು ಮೈಲಿಗೊಂದು ಗೇಟು ಇಡಬೇಕು. ಅಂದರೆ ಆ ನಾಡಿನಲ್ಲಿ ಗೇಟು ಎಂಬುದೇ ಒಂದು ರಾಜಿ ಪಂಚಾಯತಿಯ ಫಲ.

ಆಮೇಲೆ ಎಣ್ಣೆ ಬಂತು. ಅಲ್ಲಿಯ ಕಾನೂನಿನಲ್ಲಿ ಮೇಲಿನ ನೆಲ ಒಬ್ಬನದ್ದು, ಕೆಳಗಿನ ಖನಿಜ ಇನ್ನೊಬ್ಬನದ್ದು ಆಗಿರಬಹುದು. ಖನಿಜದ ಹಕ್ಕಿದ್ದವನು ಅದನ್ನು ತೆಗೆಯಲು ನೆಲವನ್ನು ಬಳಸಬಹುದು. ನೆಲದವನಿಗೆ ತನ್ನ ದನ ರಸ್ತೆಗೆ ಹೋಗದಿದ್ದರೆ ಸಾಕು, ಎಣ್ಣೆ ಕಂಪನಿಗೆ ತನ್ನ ಪೈಪು, ಡೀಸೆಲ್ಲು ಕಳವಾಗದಿದ್ದರೆ ಸಾಕು. ಇಬ್ಬರಿಗೂ ಬೇಕಾದದ್ದು ಗೇಟಿನಲ್ಲಿ ಒಬ್ಬ ಮನುಷ್ಯ.

2008ರಲ್ಲಿ ಪೆಟ್ರೋಹಾಕ್ ಎಂಬ ಕಂಪನಿ ಕೊಟುಲ್ಲಾ ಇರುವ ಲಾ ಸಾಲ್ ಕೌಂಟಿಯಲ್ಲೇ ಈಗಲ್ ಫೋರ್ಡ್ ಎಂಬ ಶೇಲ್ ಕಲ್ಲಿನ ಪದರಕ್ಕೆ ಬಾವಿ ಕೊರೆಯಿತು. ಕಲ್ಲನ್ನು ನೀರು, ಮರಳಿನ ಒತ್ತಡದಿಂದ ಸೀಳುವ ವಿಧಾನ ಅದು. ಇಂಥ ಒಂದು ಬಾವಿ ಸಿದ್ಧವಾಗಲು ಸಾವಿರಕ್ಕೂ ಹೆಚ್ಚು ಲಾರಿ ಲೋಡು ಬೇಕು! 2013ರ ಹೊತ್ತಿಗೆ ಆ ಪ್ರದೇಶದಿಂದ ದಿನಕ್ಕೆ 10 ಲಕ್ಷ ಬ್ಯಾರೆಲಿಗೂ ಹೆಚ್ಚು ಎಣ್ಣೆ ಬರುತ್ತಿತ್ತು. ಸಣ್ಣ ಊರುಗಳಲ್ಲಿ ಬಾಡಿಗೆಗೆ ರೂಮಿಲ್ಲ. ಹಾಗಾಗಿ ತಮ್ಮ ಮನೆಯನ್ನು ತಾವೇ ಎಳೆದುಕೊಂಡು ಬರುವ ಕಾವಲುಗಾರರು ಕಂಪನಿಗಳಿಗೆ ವರವಾದರು.

ಇನ್ನು ಆ ವಯಸ್ಸಿನವರು ಯಾಕೆ ಬಂದರು ಎನ್ನುವುದು ನನ್ನ ಕಸುಬಿಗೆ ಹತ್ತಿರದ ಪ್ರಶ್ನೆ. 1978ರ ಒಂದು ತೆರಿಗೆ ಕಾನೂನಿನಿಂದ ಅಮೆರಿಕದಲ್ಲಿ 401(ಕೆ) ಎಂಬ ಉಳಿತಾಯ ಖಾತೆ ಹುಟ್ಟಿತು. ಬರಬರುತ್ತಾ ಎಷ್ಟೋ ಖಾಸಗಿ ಕಂಪನಿಗಳು ಸಾಯುವ ತನಕ ಕೊಡುವ ಪಿಂಚಣಿ ಬಿಟ್ಟು ಈ ಖಾತೆಗೆ ಹೊರಳಿದವು. ಖಾತೆಯ ದುಡ್ಡು ಷೇರು ಪೇಟೆಯ ಜತೆ ಏರುತ್ತದೆ, ಇಳಿಯುತ್ತದೆ. 2007ರ ಅಕ್ಟೋಬರಿನಿಂದ 2009ರ ಮಾರ್ಚಿನೊಳಗೆ ಅಲ್ಲಿಯ ಪೇಟೆ ಅರ್ಧಕ್ಕಿಂತ ಹೆಚ್ಚು ಬಿತ್ತು. ಮನೆಗಳ ಬೆಲೆಯೂ ಬಿತ್ತು. ನಿವೃತ್ತಿಯ ಹೊಸ್ತಿಲಲ್ಲಿದ್ದವರಿಗೆ ಎರಡು ಪೆಟ್ಟು. ನಾನು ಭೇಟಿಯಾದ ದಂಪತಿಯದೂ ಅದೇ ಕಥೆ. ಮನೆ ಮಾರಿ ಆರ್‌ವಿ ಹತ್ತಿದವರು.

ದಿನಕ್ಕೆಷ್ಟು ಎಂದು ಕೇಳುವುದು ಸಭ್ಯತೆಯಲ್ಲ, ಆದರೂ ಬ್ಯಾಂಕಿನವನ ಬಾಯಿ, ಕೇಳಿಯೇಬಿಟ್ಟೆ. 125 ಡಾಲರು, ಇಬ್ಬರಿಗೂ ಸೇರಿ. 24 ಗಂಟೆಗೆ ಭಾಗಿಸಿದರೆ ಗಂಟೆಗೆ 5 ಡಾಲರು ಚಿಲ್ಲರೆ. ಅಲ್ಲಿಯ ಕನಿಷ್ಠ ಕೂಲಿ 2009ರಿಂದ 7.25 ಡಾಲರು. "ಬಾಡಿಗೆ ಇಲ್ಲ, ಕರೆಂಟು ಬಿಲ್ಲಿಲ್ಲ, ನೀರಿನ ಬಿಲ್ಲಿಲ್ಲ. ಅದನ್ನೂ ಬರೆಯಿರಿ ನಿಮ್ಮ ಲೆಕ್ಕದಲ್ಲಿ" ಅಂದರು ಆ ತಾಯಿ. ಸರಿ, ಜಮಾ ಕಡೆಯೂ ಬರೆದೆ. ಆದರೂ ಲೆಕ್ಕ ತಾಳೆಯಾಗಲಿಲ್ಲ.

ಇದೇ ಲೆಕ್ಕ ಕೋರ್ಟಿಗೂ ಹೋಗಿತ್ತು. ಗೇಟ್ ಗಾರ್ಡ್ ಸರ್ವಿಸಸ್ ಎಂಬ ಟೆಕ್ಸಾಸಿನ ಕಂಪನಿಯ ಮೇಲೆ 2010ರಲ್ಲಿ ಕಾರ್ಮಿಕ ಇಲಾಖೆ ತನಿಖೆ ಮಾಡಿ, ಇವರೆಲ್ಲ ನೌಕರರೇ, ಬಾಕಿ ವೇತನ 60 ಲಕ್ಷ ಡಾಲರಿಗೂ ಮೇಲಾಗುತ್ತದೆ ಎಂದಿತು. 2013ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಇವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು ಎಂದಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಇಲಾಖೆ ತನಿಖೆ ಮಾಡಿದ ರೀತಿಯನ್ನೇ ಕಟುವಾಗಿ ಟೀಕಿಸಿತು. ಇಲಾಖೆಯ ತಪ್ಪು ತಪ್ಪೇ. ಆದರೆ ಗಂಟೆ ಬಾರಿಸಿದಾಗಲೆಲ್ಲ ಏಳಲೇಬೇಕಾದವನು ಎಷ್ಟು ಸ್ವತಂತ್ರ ಎನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

ಆ ಭರಾಟೆ ಹೆಚ್ಚು ದಿನ ಉಳಿಯಲಿಲ್ಲ. 2014ರ ಜೂನಿನಲ್ಲಿ 100 ಡಾಲರಿಗೂ ಮೇಲಿದ್ದ ಬ್ಯಾರೆಲು 2016ರ ಫೆಬ್ರವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಬಾವಿ ಕೊರೆಯುವುದು ನಿಂತರೆ ಗೇಟೂ ನಿಂತಿತು. 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆಯ ವಾಯಿದಾ ಬೆಲೆ ಶೂನ್ಯಕ್ಕಿಂತಲೂ ಕೆಳಗಿಳಿದದ್ದು ನಿಮಗೂ ನೆನಪಿರಬಹುದು. ಕೆಲವು ಕಡೆ ಕ್ಯಾಮರಾ ಬಂದು ಆ ರಿಜಿಸ್ಟರಿನ ಕೆಲಸ ಮಾಡತೊಡಗಿತು.

ಹೊರಡುವ ಮುಂಚೆ ನಾನು ಕೇಳಿದ ಕೊನೆಯ ಪ್ರಶ್ನೆ: "ಮನೆಯೇ ಓಡಾಡುತ್ತದಲ್ಲ, ಬ್ಯಾಂಕಿಗೆ ಯಾವ ವಿಳಾಸ ಕೊಡುತ್ತೀರಿ?" ಅದಕ್ಕೂ ವ್ಯವಸ್ಥೆ ಇತ್ತು. ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ಬು 1978ರಲ್ಲಿ ಶುರುವಾದದ್ದು. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ಅದರ ಟಪಾಲು ಕೇಂದ್ರವಿದೆ. ಸಾವಿರಾರು ಅಲೆಮಾರಿಗಳಿಗೆ ಅದೇ ವಿಳಾಸ. ಪತ್ರ ಅಲ್ಲಿಗೆ ಬರುತ್ತದೆ, ಇವರು ಇದ್ದಲ್ಲಿಗೆ ಕಳಿಸುತ್ತಾರೆ. ಡ್ರೈವಿಂಗ್ ಲೈಸೆನ್ಸಿಗೂ ಅದೇ.

ಆ ಉತ್ತರ ಕೇಳಿ ನಾನು ಸುಮ್ಮನಾದೆ. ಯಾಕೆಂದರೆ 2006ರಲ್ಲಿ ಡೊಂಬಿವಲಿಯ ನಮ್ಮ ಸೊಸೈಟಿಯ ವಾಚ್‌ಮನ್ ನಾನಿದ್ದ ಶಾಖೆಗೆ ಬಂದಿದ್ದ. ಊರಿಗೆ ದುಡ್ಡು ಕಳಿಸಲು ಖಾತೆ ಬೇಕಿತ್ತು. ವಿಳಾಸದ ಪುರಾವೆ ಕೇಳಿದೆ. "ನಿಮ್ಮ ಬಿಲ್ಡಿಂಗಿನ ಗೇಟೇ ಸಾಹೇಬರೆ" ಅಂದ. ಅವನು ಮಲಗುತ್ತಿದ್ದದ್ದು ನಮ್ಮ ಮೆಟ್ಟಿಲಿನ ಕೆಳಗಿನ ಪಂಪ್ ರೂಮಿನಲ್ಲಿ. ಪುರಾವೆ ಇಲ್ಲದೆ ಆಗುವುದಿಲ್ಲ ಎಂದು ಕಳಿಸಿಬಿಟ್ಟೆ. ಬಡವರ ಸಣ್ಣ ಖಾತೆಗೆ ಹಳೆಯ ಖಾತೆದಾರನೊಬ್ಬ ಪರಿಚಯದ ಸಹಿ ಹಾಕಿದರೆ ಸಾಕು ಎಂದು ರಿಸರ್ವ್ ಬ್ಯಾಂಕು 2005ರ ಆಗಸ್ಟಿನಲ್ಲೇ ಹೇಳಿತ್ತು. ಸುತ್ತೋಲೆ ನನ್ನ ಮೇಜಿನ ಮೇಲೆ ಬಂದಿತ್ತು. ಸಹಿ ನಾನೇ ಹಾಕಬಹುದಿತ್ತು. ದಿನಾ ಎರಡು ಸಲ ನನಗೆ ಗೇಟು ತೆಗೆಯುತ್ತಿದ್ದವನು ಅವನು. ವರ್ಷದೊಳಗೆ ಕೆಲಸ ಬಿಟ್ಟು ಹೋದ. ಎಲ್ಲಿಗೆ ಹೋದನೋ ತಿಳಿಯದು.

ಇನ್ನು ಮೂರು ವರ್ಷಕ್ಕೆ ನನ್ನ ನಿವೃತ್ತಿ. ನಾನು 1995ರ ಪಿಂಚಣಿ ನಿಯಮದವನು, ತಿಂಗಳು ತಿಂಗಳು ಬರುತ್ತದೆ. 2010ರ ಏಪ್ರಿಲಿನಿಂದ ಸೇರಿದ ಹುಡುಗರದು ಎನ್‌ಪಿಎಸ್ ಖಾತೆ, ಪೇಟೆಯ ಜತೆ ಏರಿಳಿಯುವಂಥದ್ದು. ಅವರು ಮಧ್ಯಾಹ್ನ ಊಟಕ್ಕೆ ಕೂತಾಗ ಈ ಗೇಟಿನ ಕಥೆ ಹೇಳುತ್ತೇನೆ. "ಸರ್, ಅದು ಅಮೆರಿಕ" ಎನ್ನುತ್ತಾರೆ. ನಾನೂ ಹೌದಪ್ಪ ಎಂದು ಡಬ್ಬಿ ಮುಚ್ಚುತ್ತೇನೆ.

ಈಗಿನ ವಾಚ್‌ಮನ್ ಎಲ್ಲಿ ಮಲಗುತ್ತಾನೆ ಎಂದು ಮೊನ್ನೆ ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಬಿಲ್ಡಿಂಗಿನಲ್ಲಿ ಯಾರಿಗಾದರೂ ಗೊತ್ತಿದೆಯೇ?